ಒಬ್ಬರಿಗೆ ಸ್ಕೂಬಾ, ಇನ್ನೊಬ್ಬರಿಗೆ ಮರಳು: ದ್ವೀಪದಲ್ಲಿ ರೂಮು ಎಲ್ಲಿ ಹಿಡಿಯಬೇಕು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ದ್ವೀಪಕ್ಕೆ ಹೊರಡುವ ಮನೆಮಂದಿಯಲ್ಲಿ ಸಾಮಾನ್ಯವಾಗಿ ಎರಡು ಪಂಗಡ. ಒಬ್ಬರಿಗೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹವಳದ ದಿಬ್ಬಗಳ ಮೇಲೆ ತೇಲಬೇಕು. ಇನ್ನೊಬ್ಬರಿಗೆ ಮೊಣಕಾಲುದ್ದ ನೀರು, ಮೆತ್ತನೆಯ ಮರಳು, ಕೂರಲು ಒಂದಿಷ್ಟು ನೆರಳು ಇದ್ದರೆ ಸಾಕು. ಇಬ್ಬರಿಗೂ ಒಗ್ಗುವ ರೂಮು ಯಾವುದು ಎಂದು ಬುಕಿಂಗ್ ಆ್ಯಪ್‌ನ ಸ್ಟಾರುಗಳು ಹೇಳುವುದಿಲ್ಲ. ಹವಳ ಇರುವ ದಡದ ಮುಂದೆ ಬಂಡೆ ಇರುತ್ತದೆ. ಈಜಿಗೆ ಬಂಡೆಯಿಲ್ಲದ ಮರಳಿನ ತಳ ಬೇಕು. ಎರಡೂ ಒಂದೇ ಹೊಸ್ತಿಲ ಮುಂದೆ ಸಿಗುವುದು ಅಪರೂಪ. ಹಾಗಾಗಿ ಯಾರು ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ದುಡ್ಡು ಕಟ್ಟುವ ಮೊದಲೇ ತೀರ್ಮಾನಿಸುವುದು ಒಳ್ಳೆಯದು.

ಇಲ್ಲಿ ತೂಗಿ ನೋಡಿರುವುದು ಐದು ಜಾಗಗಳನ್ನು: ಅಂಡಮಾನಿನ ಹ್ಯಾವ್‌ಲಾಕ್‌ನ ಪೂರ್ವ ದಡ, ಅದೇ ದ್ವೀಪದ ರಾಧಾನಗರ, ಪಕ್ಕದ ನೀಲ್, ನಮ್ಮದೇ ಮುರುಡೇಶ್ವರ ಮತ್ತು ಅದರೆದುರಿನ ನೇತ್ರಾಣಿ ದ್ವೀಪ, ಕೊನೆಗೆ ಲಕ್ಷದ್ವೀಪದ ಕಡಮತ್. ಹ್ಯಾವ್‌ಲಾಕ್‌ಗೆ ಈಗ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ. ಟಿಕೆಟ್‌ಗಳಲ್ಲಿ ಹಳೆಯದೂ ಹೊಸದೂ ಎರಡೂ ಕಾಣುತ್ತವೆ, ಗಾಬರಿ ಬೇಡ.

ಮೊದಲು ನೋಡಬೇಕಾದ್ದು

ಕೆರೆ, ಕುಂಟೆ, ಬಾವಿಯ ಸೀಮೆಯವರಾದ ನಮಗೆ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು ರೂಢಿಯಲ್ಲಿಲ್ಲ. ರೂಮಿನ ವಿಚಾರದಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ. ಹೋಟೆಲಿನ ಫೋಟೋ ಉಬ್ಬರದ ಹೊತ್ತಿನಲ್ಲಿ ತೆಗೆದದ್ದು. ನೀಲಿ ನೀರು ತೆಂಗಿನ ಬುಡಕ್ಕೇ ಬಂದಿರುತ್ತದೆ. ಆರು ಗಂಟೆ ಕಳೆದು ಇಳಿತ ಬಂದಾಗ ಅದೇ ಜಾಗ ಬೇಸಿಗೆಯ ಕೆರೆಯಂಗಳದಂತೆ ಬಯಲಾಗಿ, ಚೂಪು ಹವಳದ ಬಂಡೆ ಮಾತ್ರ ಕಾಣುತ್ತದೆ. ಅಂಡಮಾನಿನಲ್ಲಿ ದೊಡ್ಡ ಉಬ್ಬರವಿಳಿತದ ದಿನ ನೀರಿನ ಮಟ್ಟ ಸುಮಾರು 2 ಮೀಟರ್ ಏರುಪೇರಾಗುತ್ತದೆ. ದಡ ಚಪ್ಪಟೆಯಾಗಿದ್ದರೆ ಆ 2 ಮೀಟರಿಗೆ ನೀರು ನೂರಾರು ಹೆಜ್ಜೆ ಹಿಂದೆ ಸರಿಯುತ್ತದೆ. ಇದನ್ನು ಅಂದಾಜು ಮಾಡಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ನೀರಿಲ್ಲದಿದ್ದರೆ ಮೂರು ದಿನ ಬಿಟ್ಟು ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ನೀರಿರುವುದಿಲ್ಲ.

ಎರಡನೆಯದು ಸ್ಕೂಬಾ ಡೈವ್‌ಗೆ ಕರೆದೊಯ್ಯುವ ದೋಣಿ ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆದ್ದರಿಂದ ಅಲ್ಲಿ ಬೇಗ ಬೆಳಗಾಗುತ್ತದೆ, ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ದೋಣಿಗಳು ಆರರಿಂದ ಏಳರೊಳಗೆ ಹೊರಡುತ್ತವೆ. ಅದಕ್ಕೆ ಮೊದಲು ಸೂಟ್ ಅಳತೆ, ಸೊಂಟಕ್ಕೆ ಕಟ್ಟುವ ತೂಕದ ಪಟ್ಟಿ, ಉಸಿರಾಟದ ಸಾಧನದ ಪರೀಕ್ಷೆ ಎಂದು ಅರ್ಧ ಗಂಟೆ ಬೇಕು. ರೂಮು ಹದಿನೈದು ಕಿಲೋಮೀಟರ್ ಆಚೆಗಿದ್ದರೆ ಐದಕ್ಕೇ ಆಟೋ ಹುಡುಕಬೇಕು, ಅದೂ ತಿಂಡಿಯಿಲ್ಲದೆ.

ಮೂರನೆಯದು ಮನೆಗೆ ಹಿಂದಿರುಗುವ ಲೆಕ್ಕ. ನೀರಿನೊಳಗೆ ಒತ್ತಡದಲ್ಲಿ ಉಸಿರಾಡುವಾಗ ಮೈಯ ಅಂಗಾಂಶಗಳಲ್ಲಿ ಸಾರಜನಕ ಕರಗಿ ಸೇರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಸುತ್ತಲಿನ ಒತ್ತಡ ಕಡಿಮೆಯಾಗಿ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಳಗೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕೆಂಬುದು ಎಲ್ಲೆಡೆ ಒಪ್ಪಿರುವ ನಿಯಮ. ಇದು ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ನಮ್ಮ ಮೂರೂ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಮೇಲೆ. ಎಂದರೆ ಡೈವ್ ಮಾಡಿ ಕಾರಿನಲ್ಲಿ ಘಾಟಿ ಹತ್ತಿ ಮನೆಗೆ ಬಂದರೂ ಇದೇ ಲೆಕ್ಕ. ನೇತ್ರಾಣಿಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದೇ ಇಲ್ಲ.

ಕೊನೆಯದು, ಒಬ್ಬರು ಡೈವ್‌ಗೆ ಹೋದಾಗ ಉಳಿದವರ ಅರ್ಧ ದಿನ. ಎರಡು ಡೈವ್‌ನ ದೋಣಿ ಹಿಂದಿರುಗಲು ಮಧ್ಯಾಹ್ನ ಹನ್ನೆರಡು, ಒಂದಾಗುತ್ತದೆ. ಅಲ್ಲಿಯವರೆಗೆ ಮಕ್ಕಳು, ವಯಸ್ಸಾದವರು ಎಲ್ಲಿರುತ್ತಾರೆ? ನಡೆದು ಹೋಗುವಷ್ಟು ಹತ್ತಿರದಲ್ಲಿ ನೆರಳು, ಊಟ, ಕಾವಲುಗಾರರಿರುವ ನೀರು ಇದೆಯೇ?

ಹ್ಯಾವ್‌ಲಾಕ್, ಪೂರ್ವ ದಡ

ಈ ದ್ವೀಪದ ಬೀಚುಗಳನ್ನು ನಂಬರಿನಿಂದ ಕರೆಯುತ್ತಾರೆ. ಗೋವಿಂದನಗರ 3, ವಿಜಯನಗರ 5. ಡೈವ್ ಅಂಗಡಿಗಳು, ಮಾರುಕಟ್ಟೆ, ಸಾಧಾರಣ ದರದ ಗುಡಿಸಲುಗಳು ಹೆಚ್ಚಾಗಿ ಈ ಸಾಲಿನಲ್ಲೇ ಇವೆ. ಡೈವ್ ಮಾಡುವವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಎದ್ದು ಹಲ್ಲುಜ್ಜಿ ನಡೆದೇ ಅಂಗಡಿಗೆ ಹೋಗಬಹುದು. ಮೊದಲ ಸಲದವರನ್ನು ದಡಕ್ಕೆ ಹತ್ತಿರದ ನೀಮೋ ರೀಫ್ ಎಂಬ ಹವಳದ ದಿಬ್ಬಕ್ಕೆ ಕರೆದೊಯ್ಯುತ್ತಾರೆ. ಡೈವಿಂಗ್ ಸರ್ಟಿಫಿಕೇಟ್ ಇದ್ದವರಿಗೆ ಲೈಟ್‌ಹೌಸ್, ದಿ ವಾಲ್ ಎಂಬ ಜಾಗಗಳು. ಮುಂದಿನ ಹಂತದ ಅಡ್ವಾನ್ಸ್ಡ್ ಸರ್ಟಿಫಿಕೇಟ್ ಇದ್ದು 30 ಮೀಟರ್‌ವರೆಗೆ ಇಳಿಯಬಲ್ಲವರಿಗೆ ದೂರದ ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಕಲ್. ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮಾಡುವವರಿಗೆ ಮೂರು ನಾಲ್ಕು ದಿನ ಬೆಳಿಗ್ಗೆಯೂ ಮಧ್ಯಾಹ್ನವೂ ಅಂಗಡಿಯ ಕೆಲಸ ಇರುತ್ತದೆ. ಅವರು ಬೇರೆಡೆ ರೂಮು ಹಿಡಿದರೆ ಓಡಾಟದಲ್ಲೇ ಸೋಲುತ್ತಾರೆ.

ಆದರೆ ಬೀಚ್ ಆಸೆಯಿಂದ ಬಂದವರಿಗೆ ಇದು ನಿರಾಸೆ ತರುತ್ತದೆ, ಅದನ್ನು ಮುಚ್ಚಿಡಬಾರದು. 3 ಮತ್ತು 5ರ ಮುಂದೆ ಇಳಿತದಲ್ಲಿ ಬಂಡೆ ಬಯಲಾಗುತ್ತದೆ. ಉಬ್ಬರವಿದ್ದಾಗ ಎರಡು ಮೂರು ಗಂಟೆ ಚೆನ್ನಾಗಿ ಆಡಬಹುದು, ಅದೂ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು. ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ, ಕೀವು ಕಟ್ಟುತ್ತದೆ. ಮರಳು ನೊಣಗಳ ಕಾಟವೂ ಉಂಟು. ಸಂಜೆ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಕಡಿತ ಕಡಿಮೆ. ಒಂದು ಸಮಾಧಾನವೆಂದರೆ ಮುಂಜಾವ: ಪೂರ್ವಕ್ಕೆ ಮುಖ ಮಾಡಿದ ದಡವಾದ್ದರಿಂದ ಸೂರ್ಯೋದಯ ರೂಮಿನ ಜಗುಲಿಯಿಂದಲೇ ಕಾಣುತ್ತದೆ.

ರಾಧಾನಗರ

7ನೇ ನಂಬರಿನ ಬೀಚ್. ದ್ವೀಪದ ಪಶ್ಚಿಮಕ್ಕೆ, ಹಡಗು ನಿಲ್ಲುವ ಜೆಟ್ಟಿಯಿಂದ ಸುಮಾರು 12 ಕಿ.ಮೀ. 2020ರಲ್ಲಿ ದೇಶದಲ್ಲಿ ಮೊದಲು ಬ್ಲೂ ಫ್ಲ್ಯಾಗ್ (ಬೀಚಿನ ಶುಚಿತ್ವ, ಸುರಕ್ಷತೆಗೆ ಸಿಗುವ ಅಂತರರಾಷ್ಟ್ರೀಯ ಗುರುತು) ಮನ್ನಣೆ ಪಡೆದ ಎಂಟು ಬೀಚುಗಳಲ್ಲಿ ಇದೂ ಒಂದು. ತಳವೆಲ್ಲ ಮರಳು, ಮುಂದೆ ಬಂಡೆಯಿಲ್ಲ. ಇಳಿತದಲ್ಲೂ ಸ್ನಾನಕ್ಕೆ ನೀರು ಸಿಗುತ್ತದೆ. ಹಿಂದೆ ದೊಡ್ಡ ಮರಗಳ ನೆರಳು, ಬಟ್ಟೆ ಬದಲಿಸಲು ಕೋಣೆ, ಜೀವರಕ್ಷಕರು ಇದ್ದಾರೆ. ಬೀಚ್ ಒಂದೇ ಮುಖ್ಯವಾದರೆ ಇಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ತೊಡಕು ಎರಡು. ಇಲ್ಲಿ ಉಳಿಯುವ ಜಾಗಗಳು ಕಡಿಮೆ, ಇರುವುದರಲ್ಲಿ ದುಬಾರಿಯವೇ ಹೆಚ್ಚು. ಸಂಜೆಯಾದ ಮೇಲೆ ಊಟಕ್ಕೆ ಹೊರಗೆ ಆಯ್ಕೆಯಿಲ್ಲ, ರೆಸಾರ್ಟಿನದೇ ಗತಿ. ಡೈವ್ ಮಾಡುವವರು ದಿನಾ ದ್ವೀಪದ ಅಡ್ಡಕ್ಕೆ ಹೋಗಿ ಬರಬೇಕು. ಕೆಲವು ದೊಡ್ಡ ರೆಸಾರ್ಟುಗಳು ತಮ್ಮದೇ ಡೈವ್ ವ್ಯವಸ್ಥೆ, ಗಾಡಿ ಎರಡನ್ನೂ ಕೊಡುತ್ತವೆ; ಹಾಗಿದ್ದರೆ ದುಡ್ಡು ಹೆಚ್ಚಾದರೂ ಕಷ್ಟವಿಲ್ಲ. ಇನ್ನೊಂದು ಎಚ್ಚರ: ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ರಾಧಾನಗರದ ಬದಿಯ ನೀಲ್ಸ್ ಕೋವ್ ಎಂಬ ಕೊಲ್ಲಿಯಲ್ಲಿ 2010ರಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ಗುರುತು ಹಾಕಿದ ಜಾಗದಲ್ಲಿ ಮಾತ್ರ, ಬೆಳಕಿರುವಾಗ ಮಾತ್ರ ಇಳಿಯಿರಿ. ತೊರೆ ಬಂದು ಸೇರುವ ಬಾಯಿಯ ಹತ್ತಿರ ಹೋಗಲೇಬೇಡಿ.

ನೀಲ್

ಹ್ಯಾವ್‌ಲಾಕ್‌ನಿಂದ ಹಡಗಿನಲ್ಲಿ ಸುಮಾರು ಒಂದು ಗಂಟೆ. ಸೈಕಲ್ಲಿನಲ್ಲಿ ಸುತ್ತಿಬರಬಹುದಾದ ಪುಟ್ಟ ದ್ವೀಪ. ಅಂಡಮಾನಿಗೆ ತರಕಾರಿ ಬೆಳೆದು ಕೊಡುವ ದ್ವೀಪವೂ ಹೌದು. ಟೊಮೆಟೊ, ಬೀನ್ಸ್ ನಾಡಿನಿಂದ ಹೋದವರಿಗೆ ದಾರಿಯ ಎರಡೂ ಬದಿಯ ತೋಟಗಳು ತಮ್ಮವರದೇ ಅನ್ನಿಸಬಹುದು. ಸಸ್ಯಾಹಾರಿಗಳಿಗೆ ಇಲ್ಲಿ ಊಟದ ತೊಂದರೆಯೂ ಇಲ್ಲ.

ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಒಂದೇ ಕಡೆ ಇರಬೇಕೆಂದರೆ ಈ ಐದರಲ್ಲಿ ನೀಲ್ ಮೇಲು. ಜೆಟ್ಟಿಯ ಪಕ್ಕದಲ್ಲೇ ಭರತ್‌ಪುರ, ತಿಳಿಯಾದ ಆಳವಿಲ್ಲದ ನೀರು, ಮಕ್ಕಳಿಗೆ ಗಾಜಿನ ತಳದ ದೋಣಿ. ಪಶ್ಚಿಮಕ್ಕೆ ಲಕ್ಷ್ಮಣಪುರ, ಸೂರ್ಯಾಸ್ತಕ್ಕೆ. ಪೂರ್ವದ ತುದಿಗೆ ಸೀತಾಪುರ, ಅಲೆ ಕೊಂಚ ಜೋರು. ಯಾವ ರೂಮಿನಿಂದಲೂ ಯಾವ ಬೀಚೂ ದೂರವಲ್ಲ, ಡೈವ್ ಅಂಗಡಿಯೂ ದೂರವಲ್ಲ. ಇಳಿತದ ತೊಂದರೆ ಇಲ್ಲೂ ಇದೆ, ಆದರೆ ಒಂದು ಕಡೆ ನೀರಿಲ್ಲದಿದ್ದರೆ ಇನ್ನೊಂದು ಕಡೆಗೆ ಹತ್ತು ಹದಿನೈದು ನಿಮಿಷದಲ್ಲಿ ಹೋಗಬಹುದು. ಲಕ್ಷ್ಮಣಪುರದ ಎರಡನೇ ದಡದ ಕಲ್ಲಿನ ಕಮಾನು ನೋಡಲಂತೂ ಇಳಿತವೇ ಬೇಕು.

ಇಲ್ಲಿ ಡೈವ್ ಅಂಗಡಿಗಳು ಹ್ಯಾವ್‌ಲಾಕ್‌ಗಿಂತ ಕಡಿಮೆ. ನಿಮಗೆ ಬೇಕಾದ ದಿನ, ನಿಮ್ಮ ಮಟ್ಟಕ್ಕೆ ತಕ್ಕ ಗುಂಪು ಸಿಗದೆ ಹೋಗಬಹುದು. ರೂಮಿಗಿಂತ ಮೊದಲು ಡೈವ್ ಅಂಗಡಿಗೆ ಫೋನು ಮಾಡಿ ಸೀಟು ಖಚಿತ ಮಾಡಿಕೊಳ್ಳಿ.

ಮುರುಡೇಶ್ವರ–ನೇತ್ರಾಣಿ

ವಿಮಾನ ಬೇಡ, ಶನಿವಾರ ಭಾನುವಾರಕ್ಕೆ ಒಂದೆರಡು ದಿನ ಸೇರಿಸಿದರೆ ಸಾಕು ಅನ್ನುವವರಿಗೆ ಇದು. ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ ಮೂಲಕ ಹಾಯುವ 69ನೇ ರಾಷ್ಟ್ರೀಯ ಹೆದ್ದಾರಿ ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆಯೊಳಗೆ ಮುರುಡೇಶ್ವರ. ಬೆಂಗಳೂರಿನಿಂದ ರಾತ್ರಿ ರೈಲೂ ಇದೆ.

ನೇತ್ರಾಣಿಯಲ್ಲಿ ಉಳಿಯುವಂತಿಲ್ಲ, ಕೂರಲು ಬೀಚೂ ಇಲ್ಲ. ಸುತ್ತ ಕಡಿದಾದ ಬಂಡೆ. ದಡದಿಂದ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಸಣ್ಣ ದೋಣಿ ನಿಂತು ತೊನೆಯುವಾಗ ಹೊಟ್ಟೆ ತೊಳಸುವುದು ಸಾಮಾನ್ಯ. ಹೊರಡುವ ಒಂದು ಗಂಟೆ ಮೊದಲು ವಾಂತಿ ತಡೆಯುವ ಮಾತ್ರೆ, ಎರಡು ಇಡ್ಲಿ, ಅಷ್ಟೇ. ಬರೀ ಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ. ಡೈವ್ ಮಾಡದವರು ‘ಸುಮ್ಮನೆ ನೋಡಿಬರುತ್ತೇವೆ’ ಎಂದು ಆ ದೋಣಿ ಹತ್ತುವುದು ಜಾಣತನವಲ್ಲ. ಬಿಸಿಲಿನಲ್ಲಿ ನಾಲ್ಕೈದು ಗಂಟೆ ತೂಗಾಡುತ್ತ ಕೂರಬೇಕಾಗುತ್ತದೆ. ಅಕ್ಟೋಬರಿನಿಂದ ಮೇವರೆಗೆ ಕಾಲ. ಮಳೆಗಾಲದಲ್ಲಿ ದೋಣಿ ಇಲ್ಲ. ನೀರಿನ ತಿಳಿ ದಿನದಿನಕ್ಕೆ ಬದಲಾಗುವುದರಿಂದ ಸಾಧ್ಯವಾದರೆ ಡೈವ್‌ಗೆ ಒಂದೇ ದಿನವನ್ನು ನೆಚ್ಚಿಕೊಳ್ಳಬೇಡಿ.

ಬೀಚ್ ಬಯಸುವವರ ವಿಷಯದಲ್ಲಿ ನೇರವಾಗಿ ಹೇಳಬೇಕಾದ ಮಾತಿದೆ. ಮುರುಡೇಶ್ವರದ ಕಡಲು ನೋಡಲು ಶಾಂತ, ಸೆಳೆತ ಬಲವಾದದ್ದು. 2024ರ ಡಿಸೆಂಬರಿನಲ್ಲಿ ನಮ್ಮದೇ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಶಾಲಾ ಬಾಲಕಿಯರು ಅಲ್ಲಿ ಮುಳುಗಿ ತೀರಿಕೊಂಡರು. ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಬೇಡ ಎಂದರೆ ಪಾದವನ್ನೂ ಇಡಬೇಡಿ. ಕೆರೆಯಲ್ಲಿ ಈಜು ಬಲ್ಲೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಮಕ್ಕಳೊಂದಿಗೆ ಮರಳಿನಲ್ಲಿ ಕಾಲ ಕಳೆಯಬೇಕಿದ್ದರೆ ಹೊನ್ನಾವರದ ಬಳಿಯ ಕಾಸರಕೋಡು ವಾಸಿ; ಅದೂ 2020ರಲ್ಲೇ ಬ್ಲೂ ಫ್ಲ್ಯಾಗ್ ಪಡೆದದ್ದು. ಆದರೆ ರೂಮನ್ನು ಅಲ್ಲಿ ಹಿಡಿದರೆ ಡೈವ್ ಮಾಡುವವರು ನಸುಕಿನಲ್ಲೇ ಮುರುಡೇಶ್ವರಕ್ಕೆ ಬರಬೇಕು. ಮುರುಡೇಶ್ವರದಲ್ಲಿ ರೂಮು, ಹಗಲಿಗೆ ಕಾಸರಕೋಡು ಎಂಬುದು ಸುಲಭದ ಹೊಂದಾಣಿಕೆ.

ಡೈವ್ ಮುಗಿಸಿ ಅದೇ ಸಂಜೆ ಬಸ್ಸು ಹತ್ತುವ ಯೋಜನೆಯನ್ನು ಕೈಬಿಡಿ. ಶನಿವಾರ ಡೈವ್, ಶನಿವಾರ ರಾತ್ರಿ ಅಲ್ಲೇ, ಭಾನುವಾರ ಬೆಳಿಗ್ಗೆ ಮರಳು, ಆಮೇಲೆ ಘಾಟಿ. ಬರುವ ದಾರಿಯಲ್ಲಿ ನಂದಿಬೆಟ್ಟ ಹತ್ತುವ ಆಸೆಯನ್ನೂ ಇನ್ನೊಂದು ವಾರಕ್ಕೆ ಮುಂದೂಡಿ. ಅದು 1,478 ಮೀಟರ್.

ಕಡಮತ್

ನೀರಿನ ದೃಷ್ಟಿಯಿಂದ ಮಾತ್ರ ನೋಡಿದರೆ ಇದೇ ಎಲ್ಲಕ್ಕಿಂತ ಚೆಂದ. ಸುಮಾರು 9 ಕಿ.ಮೀ. ಉದ್ದದ ಕಿರಿದಾದ ಪಟ್ಟಿ, ಪಶ್ಚಿಮಕ್ಕೆ ಹವಳದ ಗೋಡೆ ತಡೆದು ನಿಲ್ಲಿಸಿದ ತಿಳಿ ನೀರಿನ ಲಗೂನು. ಅಲೆಯಿಲ್ಲ. ಮಕ್ಕಳು, ಈಜು ಬಾರದವರು ನೆಮ್ಮದಿಯಾಗಿ ಕೂರಬಹುದು. ಡೈವ್ ಮಾಡುವವರು ಅದೇ ಗೋಡೆಯ ಆಚೆಗೆ ಹೋಗುತ್ತಾರೆ. ಇಲ್ಲಿನ ಬೀಚಿಗೆ 2022ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ.

ಕಷ್ಟವೆಲ್ಲ ಅಲ್ಲಿಗೆ ತಲುಪುವುದರಲ್ಲಿದೆ. ಲಕ್ಷದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕು, ರೂಮು ಖಚಿತವಾದ ಮೇಲೆಯೇ ಮುಂದಿನ ಕೆಲಸ. ಕೊಚ್ಚಿಯಿಂದ ಹಡಗು, ಇಲ್ಲವೇ ಅಗತ್ತಿ ದ್ವೀಪಕ್ಕೆ ಸಣ್ಣ ವಿಮಾನ, ಅಲ್ಲಿಂದ ದೋಣಿ. ಕೋಲಾರದವರಿಗೆ ಬಂಗಾರಪೇಟೆಯಲ್ಲೇ ಎರ್ನಾಕುಲಂ ಕಡೆಯ ರೈಲು ಸಿಗುತ್ತದೆ. ಸಣ್ಣ ವಿಮಾನದಲ್ಲಿ ಲಗೇಜಿನ ಮಿತಿ ಬಿಗಿ, ಸ್ವಂತ ಡೈವ್ ಸಾಮಾನು ಇರುವವರು ಮೊದಲೇ ವಿಚಾರಿಸಬೇಕು. ರೂಮುಗಳು ಬೆರಳೆಣಿಕೆಯಷ್ಟು, ಬಂಗಾರಂ ದ್ವೀಪ ಬಿಟ್ಟರೆ ಲಕ್ಷದ್ವೀಪದಲ್ಲಿ ಎಲ್ಲೂ ಮದ್ಯವಿಲ್ಲ. ಎರಡು ಮೂರು ತಿಂಗಳು ಮೊದಲೇ ಯೋಜಿಸಿ, ತಾರೀಕು ಹಿಂದುಮುಂದಾದರೂ ಸಹಿಸುವವರಿಗೆ ಮಾತ್ರ ಇದು ಸರಿ.

ದುಡ್ಡು ಎಲ್ಲಿ ಉಳಿಸಬೇಕು

ಹ್ಯಾವ್‌ಲಾಕ್‌ನಲ್ಲಿ ಒಬ್ಬರ ಎರಡು ಡೈವ್‌ನ ಒಂದು ದಿನಕ್ಕೆ ಸುಮಾರು 6,000ದಿಂದ 8,000 ರೂಪಾಯಿ ಹಿಡಿದುಕೊಳ್ಳಿ. ಸರಳವಾದ ಗುಡಿಸಲು ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಎಸಿ ರೂಮು ಹೆಚ್ಚು ಕಡಿಮೆ ಅಷ್ಟಕ್ಕೇ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಇದೆಲ್ಲ ಮೇಲೇರುತ್ತದೆ. ಉಳಿತಾಯ ರೂಮಿನಲ್ಲಿ ಮಾಡಿ, ಡೈವ್‌ನಲ್ಲಿ ಮಾಡಬೇಡಿ. ಅಗ್ಗದ ಡೈವ್ ಎಂದರೆ ಒಬ್ಬ ಬೋಧಕರಿಗೆ ಹೆಚ್ಚು ಜನ, ಹಳೆಯ ಸಾಧನ, ಅವಸರ.

ಐದಾರು ರಾತ್ರಿ ಇದ್ದರೆ ಒಂದೇ ರೂಮಿಗೆ ಕಟ್ಟುಬೀಳಬೇಡಿ. ಮೊದಲ ಮೂರು ರಾತ್ರಿ ಹ್ಯಾವ್‌ಲಾಕ್‌ನ ಪೂರ್ವ ದಡದ ಸಾಧಾರಣ ರೂಮು, ಡೈವ್ ಎಲ್ಲ ಅಲ್ಲೇ ಮುಗಿಯಲಿ. ಉಳಿಸಿದ ದುಡ್ಡಿನಲ್ಲಿ ಆಮೇಲೆ ಒಂದು ರಾತ್ರಿ ರಾಧಾನಗರ ಅಥವಾ ನೀಲ್, ಇಡೀ ದಿನ ಮರಳು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್. ಹೀಗೆ ಮಾಡಿದರೆ 18 ಗಂಟೆಯ ಅಂತರ ತಾನೇ ಸಿಗುತ್ತದೆ, ಬೀಚ್ ಬಯಸಿದವರಿಗೂ ಪಾಲು ಸಿಗುತ್ತದೆ. ಹವೆ ಕೆಟ್ಟು ಹಡಗು ರದ್ದಾದರೂ ವಿಮಾನ ತಪ್ಪುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಡೈವಿಂಗ್ ಕಾಯಿಲೆಗೆ ಬೇಕಾದ ಒತ್ತಡದ ಕೋಣೆ ಇರುವುದೂ ಪೋರ್ಟ್ ಬ್ಲೇರ್‌ನ ನೌಕಾಪಡೆಯ ಆಸ್ಪತ್ರೆಯಲ್ಲೇ.

ಬೆಳಗಿನ ವಿಮಾನ ಹಿಡಿದರೆ ಅದೇ ದಿನದ ಹಡಗು ಸಿಗುತ್ತದೆ. ವಿಮಾನ ಇಳಿಯುವುದಕ್ಕೂ ಹಡಗಿಗೂ ನಡುವೆ ಮೂರು ಗಂಟೆ ಇರಲಿ. ಚಿಕ್ಕಬಳ್ಳಾಪುರದವರಿಗೆ ಏರ್‌ಪೋರ್ಟ್ ಮನೆ ಬಾಗಿಲಲ್ಲೇ ಇದೆ. ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿದರೆ ಬೆಂಗಳೂರು ಹೊಗಬೇಕಿಲ್ಲ. ಹಡಗಿನ ಟಿಕೆಟ್ ಖಚಿತವಾಗುವವರೆಗೆ ಹಣ ಹಿಂದಿರುಗಿಸದ ರೂಮು ಬುಕ್ ಮಾಡಬೇಡಿ.

ಮನೆ ಬಿಡುವ ಮೊದಲು

ಎಲ್ಲ ಡೈವ್ ಅಂಗಡಿಯೂ ಆರೋಗ್ಯದ ಪ್ರಶ್ನಾವಳಿ ಕೊಡುತ್ತದೆ: ಆಸ್ತಮಾ, ಮೂರ್ಛೆ, ಹೃದಯ, ಕಿವಿ ಆಪರೇಷನ್, ಸಕ್ಕರೆ ಕಾಯಿಲೆ. ಒಂದಕ್ಕೆ ಹೌದು ಎಂದರೂ ಡಾಕ್ಟರ ಸಹಿ ಕೇಳಬಹುದು, ದ್ವೀಪದಲ್ಲಿ ಅದಕ್ಕಾಗಿ ಅಲೆಯುವುದು ಕಷ್ಟ. ಊರಿನಲ್ಲೇ ಪತ್ರ ಮಾಡಿಸಿಕೊಳ್ಳಿ. ನೆಗಡಿ ಇದ್ದರೆ ಕಿವಿಯ ಒತ್ತಡ ಸರಿಯಾಗುವುದಿಲ್ಲ, ಅವತ್ತು ಡೈವ್ ಬೇಡ. ಹತ್ತು ವರ್ಷ ತುಂಬದ ಮಕ್ಕಳನ್ನು ಕಡಲಿನ ಡೈವ್‌ಗೆ ಸೇರಿಸುವುದಿಲ್ಲ. ಮೊದಲ ಸಲದ ಡೈವ್‌ಗೆ ಈಜು ಬಾರದವರನ್ನೂ ಕರೆದೊಯ್ಯುತ್ತಾರೆ, 12 ಮೀಟರ್ ಮೀರುವುದಿಲ್ಲ. ಓಪನ್ ವಾಟರ್ ಕೋರ್ಸಿಗೆ ಮಾತ್ರ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಶೈಲಿ ಯಾವುದಾದರೂ ಆದೀತು, ಬಾವಿಯಲ್ಲಿ ಕಲಿತ ಈಜೂ ನಡೆಯುತ್ತದೆ.

ರೂಮಿನವರಿಗೆ ಫೋನು ಮಾಡಿ ನಾಲ್ಕು ಮಾತು ಕೇಳಿ. ನಾವು ಬರುವ ದಿನಗಳಲ್ಲಿ ಇಳಿತ ಎಷ್ಟು ಹೊತ್ತಿಗೆ, ಆಗ ರೂಮಿನ ಮುಂದೆ ಸ್ನಾನಕ್ಕೆ ನೀರಿರುತ್ತದೆಯೇ? ಐದೂವರೆಗೆ ಚಹಾ, ಬ್ರೆಡ್ಡಾದರೂ ಕಟ್ಟಿಕೊಡುತ್ತೀರಾ? ಒದ್ದೆ ಸಾಮಾನು ತೊಳೆಯಲು ಸಿಹಿನೀರಿನ ನಲ್ಲಿ, ಒಣಗಿಸಲು ನೆರಳಿನ ಜಾಗ ಇದೆಯೇ? ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಮೊದಲ ಪ್ರಶ್ನೆಗೆ ‘ಬೀಚ್ ಎದುರಿಗೇ ಇದೆ’ ಎಂದಷ್ಟೇ ಹೇಳಿ ಮಾತು ತೇಲಿಸಿದರೆ, ಇಳಿತದ ಹೊತ್ತಿನಲ್ಲಿ ತೆಗೆದ ಒಂದು ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ.